ಬರಿಗಾಲಿನ ಮುದುಕನ ಹಾಡು

ಕೇಳುಗರಿಗೆ ನಮಸ್ಕಾರ.

ತಂಬೂರಿಯ ಸಾ-ಪಾ ನಮಗೆಲ್ಲ ಗೊತ್ತು. ಕಛೇರಿಗೆ ಮುಂಚೆ ಅದು ಮಿಡಿಯತೊಡಗಿದರೆ ಮನಸ್ಸು ತಾನಾಗಿ ನೆಲೆಗೆ ಬರುತ್ತದೆ, ಅಲ್ವಾ? ಅದೇ ಸಾ-ಪಾ ಕೇಳಿ ಎದೆ ಹೆಪ್ಪುಗಟ್ಟುವ ಒಂದು ಹಾಡಿದೆ. ಅದರ ಹೆಸರು 'ಡೆರ್ ಲೈಯರ್‌ಮಾನ್'. ಹಿಡಿಕೆ ತಿರುಗಿಸಿ ನುಡಿಸುವ ತಂತಿವಾದ್ಯದವನು ಅಂತ ಅರ್ಥ.

ವಿಯೆನ್ನಾದ ಫ್ರಾನ್ಜ್ ಶೂಬರ್ಟ್ 1827ರಲ್ಲಿ ವಿಲ್ಹೆಲ್ಮ್ ಮ್ಯುಲ್ಲರ್ ಎಂಬ ಕವಿಯ 24 ಪದ್ಯಗಳಿಗೆ ಸಂಗೀತ ಕೊಟ್ಟ. ಒಂದು ಕಂಠ, ಒಂದು ಪಿಯಾನೊ, ಅಷ್ಟೇ. ಈ ಹಾಡುಗಳ ಮಾಲೆಗೆ 'ವಿಂಟರ್‌ರೈಸೆ' ಎಂದು ಹೆಸರು. ಚಳಿಗಾಲದ ಪಯಣ ಅಂತ ಅರ್ಥ. ಪ್ರೀತಿ ಕಳೆದುಕೊಂಡ ಯುವಕ ರಾತ್ರಿ ಹೊತ್ತು ಊರು ಬಿಟ್ಟು ಹಿಮದಲ್ಲಿ ನಡೆದು ಹೋಗುತ್ತಾನೆ. ಕೊನೆಯ ಹಾಡೇ ನಾನು ಹೇಳಿದ್ದು.

ಊರಾಚೆ ಒಬ್ಬ ಮುದುಕ ನಿಂತಿದ್ದಾನೆ. ಮಂಜುಗಡ್ಡೆಯ ಮೇಲೆ ಬರಿಗಾಲು. ಬೆರಳು ಮರಗಟ್ಟಿವೆ. ಆದರೂ ವಾದ್ಯದ ಹಿಡಿಕೆ ತಿರುಗಿಸುತ್ತಲೇ ಇದ್ದಾನೆ. ಹಿಡಿಕೆ ತಿರುಗಿದರೆ ಒಳಗಿನ ಮರದ ಚಕ್ರ ತಂತಿಗಳನ್ನು ಉಜ್ಜುತ್ತದೆ, ಪಿಟೀಲಿನ ಕಮಾನಿನ ಹಾಗೆ. ಕೆಲವು ತಂತಿಗಳು ಶ್ರುತಿ ಹಿಡಿದು ನಿಲ್ಲುತ್ತವೆ. ಅವನ ತಟ್ಟೆ ಖಾಲಿ. ಕೇಳುವವರಿಲ್ಲ. ನಾಯಿಗಳು ಗುರುಗುಟ್ಟುತ್ತವೆ.

ಶೂಬರ್ಟ್ ಇಲ್ಲಿ ಮಾಡಿದ್ದು ನೋಡಿ. ಪಿಯಾನೊ ನುಡಿಸುವವರ ಎಡಗೈಯಲ್ಲಿ ಮೊದಲಿನಿಂದ ಕೊನೆಯವರೆಗೂ ಆ ಸಾ-ಪಾ ಮಾತ್ರ. ಬೇರೇನೂ ಇಲ್ಲ. ಶುರುವಿನಲ್ಲಿ ಎರಡು ಸಲ ಪಕ್ಕದ ಸ್ವರವೊಂದು ಚೂರು ತಗುಲಿ ಸರಿಯುತ್ತದೆ. ಹಳೆಯ ಚಕ್ರ ತಡವರಿಸಿ ತಿರುಗಿದ ಹಾಗೆ. ಬಲಗೈ ಒಂದು ಪುಟ್ಟ ಧಾಟಿ ನುಡಿಸುತ್ತದೆ. ಅದು ನಿಂತಾಗ ಗಾಯಕ ಎರಡು ಮಾತು ಹಾಡುತ್ತಾನೆ. ಮತ್ತೆ ಧಾಟಿ, ಮತ್ತೆ ಎರಡು ಮಾತು. ಅಳು ಇಲ್ಲ, ಗೋಳಾಟ ಇಲ್ಲ. ನನ್ನನ್ನು ಅಲ್ಲಾಡಿಸುವುದು ಇದೇ. ದುಃಖ ತೀರಾ ಹಳೆಯದಾದಾಗ ಮನುಷ್ಯ ಹೀಗೆಯೇ ಸಣ್ಣ ದನಿಯಲ್ಲಿ, ತಡೆದು ತಡೆದು ಮಾತಾಡುತ್ತಾನೆ.

ಶೂಬರ್ಟ್ ಗೆಳೆಯರನ್ನು ಕರೆದು ಈ ಮಾಲೆಯನ್ನು ತಾನೇ ಹಾಡಿ ಕೇಳಿಸಿದ್ದ. ಇಷ್ಟು ಕತ್ತಲೆಯ ಹಾಡುಗಳೇ ಎಂದು ಅವರು ಕಂಗಾಲಾದರು. ಲಿಂಡೆನ್ ಮರದ ಹಾಡೊಂದು ಮಾತ್ರ ಹಿಡಿಸಿತು ಎಂದ ಒಬ್ಬ ಗೆಳೆಯ. ನನಗೆ ಉಳಿದೆಲ್ಲ ಹಾಡುಗಳಿಗಿಂತ ಇವೇ ಇಷ್ಟ, ನಿಮಗೂ ಇಷ್ಟವಾಗುತ್ತವೆ ಎಂದ ಶೂಬರ್ಟ್. ಮರುವರ್ಷ ನವೆಂಬರಿನಲ್ಲಿ ಅವನು ತೀರಿಕೊಂಡ. ವಯಸ್ಸು 31. ಹಾಸಿಗೆ ಹಿಡಿದಾಗಲೂ ಈ ಮಾಲೆಯ ಎರಡನೇ ಭಾಗದ ಕರಡು ತಿದ್ದುತ್ತಿದ್ದ. ಕವಿ ಮ್ಯುಲ್ಲರ್ ಅದರ ಹಿಂದಿನ ವರ್ಷವೇ, 32ನೇ ವಯಸ್ಸಿಗೇ ಹೋಗಿಬಿಟ್ಟಿದ್ದ.

ಹಾಡಿನ ಕೊನೆಗೆ ಯುವಕ ಮುದುಕನನ್ನು ಕೇಳುತ್ತಾನೆ: ನಾನೂ ನಿನ್ನ ಜೊತೆ ಬರಲೇ? ನನ್ನ ಹಾಡಿಗೆ ನೀನು ವಾದ್ಯ ತಿರುಗಿಸುತ್ತೀಯಾ? ದನಿ ಮೇಲೇರಿ ಅಲ್ಲೇ ನಿಂತುಬಿಡುತ್ತದೆ. ಪಿಯಾನೊ ಒಂದೇ ಒಂದು ಸಲ ಜೋರಾಗುತ್ತದೆ. ಆಮೇಲೆ ತಗ್ಗುತ್ತಾ ತಗ್ಗುತ್ತಾ ಹೋಗುತ್ತದೆ. ಮುದುಕ ಉತ್ತರ ಕೊಡುವುದಿಲ್ಲ.