ಚಪ್ಪಟೆ ತಗಡಿನಿಂದ ಅರ್ಧ ಗೋಳ

ನಮಸ್ಕಾರ. ಚಪ್ಪಟೆ ತಗಡನ್ನು ಒತ್ತಿ ಅರ್ಧ ಗೋಳ ಮಾಡುವುದು ಹೇಗೆ, ಅದೂ ನಾವೇ ಮಾಡಿಕೊಂಡ ಡೈ, ಅಂದರೆ ಅಚ್ಚು, ಇಟ್ಟುಕೊಂಡು, ಅನ್ನುವುದು ಇವತ್ತಿನ ಮಾತು. ಐಟಿಐ ಹುಡುಗರು, ಪುಟ್ಟ ವರ್ಕ್‌ಶಾಪ್ ಇಟ್ಟುಕೊಂಡವರು, ಕೈಕೆಲಸದ ಹುಚ್ಚು ಇರುವವರು, ನಿಮಗೇ ಹೇಳುತ್ತಿರುವುದು. ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡವರೂ ಕೇಳಿ, ನಿಮ್ಮ ಸ್ಟೀಲ್ ಸೌಟಿನ ಬಟ್ಟಲು ಹುಟ್ಟಿದ್ದೂ ತಗಡು ಒತ್ತಿಯೇ.

ನಾನು ಟೂಲ್ ರೂಮಿನಲ್ಲೇ ತಲೆ ನರೆಸಿಕೊಂಡವನು. ಈ ವಿಷಯ ಎತ್ತಿದರೆ ಸಾಕು, ಎಲ್ಲರೂ ಕೇಳುವುದು ಒಂದೇ: 'ಎಷ್ಟು ಟನ್ ಪ್ರೆಸ್ ಬೇಕು ಸಾರ್?' ಟನ್ ಆಮೇಲೆ ನೋಡೋಣ. ಅಂಚು ಹಿಡಿಯಲು ಏನು ಮಾಡಿದ್ದೀರಿ? ಅದನ್ನು ಮೊದಲು ಹೇಳಿ.

ಯಾಕೆ ಅಂತ ಒಂದು ಸಣ್ಣ ಲೆಕ್ಕ. ನಿಮಗೆ 100 ಮಿಲಿಮೀಟರ್ ಅಗಲದ ಅರ್ಧ ಗೋಳ ಬೇಕು ಅಂತಿಟ್ಟುಕೊಳ್ಳಿ. ಅದಕ್ಕೆ ಸುಮಾರು 141 ಮಿಲಿಮೀಟರ್ ಅಗಲದ ಬಿಲ್ಲೆ ಕತ್ತರಿಸಬೇಕು. ಬೇಕಾದ ಅಗಲವನ್ನು 1.41ರಿಂದ ಗುಣಿಸಿದರೆ ಆಯಿತು. ಈಗ ಆ ಬಿಲ್ಲೆಯ ಅಂಚಿನ ಸುತ್ತಳತೆ 443. ಗೋಳ ಆದ ಮೇಲೆ ಅದೇ ಅಂಚು 314. ಮಧ್ಯದ 129 ಮಿಲಿಮೀಟರ್ ಎಲ್ಲಿಗೆ ಹೋಗಬೇಕು ಹೇಳಿ? ತಗಡು ಅಂಚಿನಲ್ಲಿ ತನ್ನೊಳಗೇ ಕುಗ್ಗಿ ದಪ್ಪ ಆಗಬೇಕು. ಹಾಗೆ ಆಗುವಂತೆ ನಾವು ಮಾಡದಿದ್ದರೆ ಅದು ಲಂಗದ ನೆರಿಗೆ ಥರ ಮಡಚಿಕೊಂಡು ಏಳುತ್ತದೆ. ಅಂಚನ್ನು ಮೇಲೂ ಕೆಳಗೂ ಹಿಡಿದುಕೊಂಡರೆ ಏಳಲು ಜಾಗ ಇಲ್ಲ, ಬೇರೆ ದಾರಿ ಇಲ್ಲದೆ ದಪ್ಪ ಆಗುತ್ತದೆ. ಇಷ್ಟೇ ವಿದ್ಯೆ.

ಒಬ್ಬರು ಹೈಸ್ಕೂಲ್ ವಿಜ್ಞಾನದ ಮೇಷ್ಟ್ರ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ, ಆದರೆ ಎಲ್ಲಾ ಇದರಲ್ಲೇ ಇದೆ. ಅವರಿಗೆ ಮಾಗ್ಡೆಬರ್ಗ್ ಅರ್ಧಗೋಳ ಬೇಕಾಗಿತ್ತು. ಜರ್ಮನಿಯ ಮಾಗ್ಡೆಬರ್ಗ್ ಊರಿನ ಮೇಯರ್ ಆಗಿದ್ದ ಆಟೋ ಫಾನ್ ಗೆರಿಕೆ 1650ರ ದಶಕದಲ್ಲಿ ಎರಡು ತಾಮ್ರದ ಅರ್ಧಗೋಳ ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಕಡೆ ಎಂಟೆಂಟು ಕುದುರೆ ಕಟ್ಟಿ ಎಳೆಸಿದರು. ಹೊರಗಿನ ಗಾಳಿ ಗೋಳವನ್ನು ಒತ್ತಿ ಹಿಡಿದಿತ್ತು, ಕುದುರೆಗಳಿಗೆ ಸಾಕುಸಾಕಾಯಿತು. ಒಂದು ಕಡೆ ಗೋಡೆಗೆ ಕಟ್ಟಿದ್ದರೆ ಎಂಟೇ ಕುದುರೆ ಸಾಕಿತ್ತು, ಬಲ ಏನೂ ಕಮ್ಮಿ ಆಗುತ್ತಿರಲಿಲ್ಲ. ಆದರೆ ನೋಡಲು ಬಂದವರಿಗೆ ಹದಿನಾರು ಕುದುರೆ ಇದ್ದರೇ ಚೆಂದ, ಅಲ್ವಾ?

ಮೇಷ್ಟ್ರು ಅದನ್ನು ಮಕ್ಕಳಿಗೆ ತೋರಿಸಬೇಕು ಅಂತ ತಾವೇ ಮಾಡಲು ಹೊರಟಿದ್ದರು. ಆಸಾಮಿ ಬುದ್ಧಿವಂತರು. ತಗಡನ್ನು ಡೈಯೊಳಗೆ ತಳ್ಳುವ ಪಂಚ್ ಯಾವುದು ಗೊತ್ತಾ? ಶಾಲೆಯ ಶಾಟ್‌ಪುಟ್! ಹೆಣ್ಣುಮಕ್ಕಳು ಎಸೆಯುವ 4 ಕಿಲೋ ಕಬ್ಬಿಣದ ಗುಂಡು ಹೆಚ್ಚುಕಮ್ಮಿ 100 ಮಿಲಿಮೀಟರ್ ಇರುತ್ತದೆ. ಅದನ್ನು ಲೇತಿನವರ ಹತ್ತಿರ ಸರಿಯಾಗಿ 100ಕ್ಕೆ ಹೊಡೆಸಿ, ಎಮೆರಿ ಪೇಪರಿನಲ್ಲಿ ಉಜ್ಜಿ ಫಳಫಳ ಮಾಡಿದ್ದರು. ಡೈ ಆಗಲು ಗುಜರಿಯಿಂದ ದಪ್ಪ ಉಕ್ಕಿನ ರಿಂಗು, ಚಾನಲ್ ಬೆಸೆದು ಮಾಡಿದ ಫ್ರೇಮು, 20 ಟನ್ ಜಾಕಿ. ತಾಮ್ರವನ್ನೂ ಮೆತ್ತಗಾಗಲಿ ಅಂತ ಹದವಾಗಿ ಕಾಯಿಸಿದ್ದರು. ಎಲ್ಲಾ ಇತ್ತು. ಆದರೂ ಒಂದು ಚೀಲದ ತುಂಬ ಕೆಟ್ಟ ತುಂಡುಗಳನ್ನು ಹೊತ್ತುಕೊಂಡು ನನ್ನ ಹತ್ತಿರ ಬಂದರು.

ಒಂದು ತುಂಡು ಎತ್ತಿ ನೋಡಿದೆ. ತಳ ಲಕ್ಷಣವಾಗಿ ದುಂಡಗಿತ್ತು. ಅಂಚಿಗೆ ಬಂದರೆ ಸುತ್ತಲೂ ನೆರಿಗೆ. ಒಂದು ನೆರಿಗೆಯಂತೂ ಪಕ್ಕಕ್ಕೆ ಮಲಗಿ, ರಿಂಗಿನೊಳಗೆ ಸಿಕ್ಕಿ ನಜ್ಜುಗುಜ್ಜಾಗಿ, ಮೂರು ಪದರ ತಗಡು ಒಂದೇ ಆಗಿತ್ತು. ಅದರ ಮೇಲೆ ರಿಂಗು ಉಜ್ಜಿದ ಉದ್ದನೆಯ ಗೀರು. ಮೇಷ್ಟ್ರು ಕೇಳುತ್ತಾರೆ, 'ಸಾರ್, 50 ಟನ್ ಜಾಕಿ ತರ್ಲಾ?' ನನಗೆ ರೇಗಿತು. 'ಮೇಷ್ಟ್ರೇ, ರೈಲು ಎತ್ತೋ ಜಾಕಿ ತಂದ್ರೂ ಅಷ್ಟೇ. ಅಂಚು ಹಿಡ್ಕೊಂಡಿರೋರು ಯಾರು?' 'ಅಂಚು ಯಾಕ್ ಹಿಡೀಬೇಕು ಸಾರ್?' ಅಂದರು. ಅಲ್ಲಿಗೆ ರೋಗ ಸಿಕ್ಕಿತು.

ಇನ್ನೊಂದು ರಿಂಗು ಮಾಡಿಸಿದೆವು. ಮೇಲೊಂದು, ಕೆಳಗೊಂದು, ನಡುವೆ ತಗಡು, ಸುತ್ತ ಆರು ಬೋಲ್ಟು. ಈಗ ಗಮನ ಇಟ್ಟು ಕೇಳಿ, ಗುಟ್ಟು ಇಲ್ಲಿದೆ. ಬೋಲ್ಟನ್ನು ಸುಮ್ನೆ ಬಿಗಿದರೆ ತಗಡು ಜರುಗದೆ ಹೊಟ್ಟೆಯ ಹತ್ತಿರ ಹರಿಯುತ್ತದೆ. ಸಡಿಲ ಬಿಟ್ಟರೆ ಮತ್ತೆ ನೆರಿಗೆ. ಅದಕ್ಕೆ ಅದೇ ತಗಡಿನಲ್ಲಿ ಆರು ವಾಷರ್ ಕತ್ತರಿಸಿ, ಒಂದೊಂದರ ಮೇಲೂ ಒಂದು ಚೂರು ಕಾಗದ ಇಟ್ಟು, ಎರಡು ರಿಂಗಿನ ನಡುವೆ ಬರುವ ಹಾಗೆ ಬೋಲ್ಟಿಗೆ ತೂರಿಸಿ ಆಮೇಲೆ ಎಷ್ಟು ಬೇಕೋ ಅಷ್ಟು ಬಿಗಿಯಿರಿ. ತಗಡು 1 ಮಿಲಿಮೀಟರ್ ಆದರೆ ಸಂದು 1.1 ಇರುತ್ತದೆ. ತಗಡು ಜರುಗಬಹುದು, ಏಳುವ ಹಾಗಿಲ್ಲ. ಕಾಗದದ ಚೂರಿಗೆ ದುಡ್ಡೇ ಇಲ್ಲ ಸ್ವಾಮಿ!

ಡೈ ರಿಂಗಿನ, ಅಂದರೆ ಮೇಲಿನ ರಿಂಗಿನ, ತೂತು 102.2 ಇರಲಿ, ಅಂದರೆ ಗುಂಡಿನ ಎರಡೂ ಕಡೆ ತಗಡಿನ ದಪ್ಪ, ಮೇಲೊಂದಿಷ್ಟು ಸಡಿಲ. ತಗಡು ಒಳಗೆ ಜಾರುವ ಬಾಯಿಯ ಮೂಲೆ ಚೂಪಾಗಿ ಇರಬಾರದು, 6 ಮಿಲಿಮೀಟರ್‌ನಷ್ಟು ದುಂಡಗೆ ಮಾಡಿ ಉಜ್ಜಿ. ಬೆರಳಾಡಿಸಿದರೆ ಎಲ್ಲೂ ತಡೆಯಬಾರದು. ಜಾಕಿಯನ್ನು ತಲೆಕೆಳಗು ಮಾಡಬೇಡಿ, ತಲೆಕೆಳಗಾದರೆ ಬಹಳಷ್ಟು ಜಾಕಿ ಕೆಲಸವೇ ಮಾಡಲ್ಲ. ಜಾಕಿ ಕೆಳಗಿರಲಿ, ಅದರ ತಲೆಯ ಮೇಲೆ ಒಂದು ಪೈಪಿನ ತುಂಡು, ಅದರಲ್ಲಿ ಗುಂಡು. ರಿಂಗಿನ ಜೋಡಿ ಮೇಲಿನ ಚಾನಲ್ಲಿಗೆ. ಗುಂಡು ಕೆಳಗಿನಿಂದ ಮೇಲಕ್ಕೆ 50 ಮಿಲಿಮೀಟರ್ ಏರಿತು ಅಂದರೆ ಅರ್ಧ ಗೋಳ ತಯಾರು.

ಮೇಷ್ಟ್ರಿಗೆ ಎರಡು ಅರ್ಧ ಕೂಡಿಸಲು ಅಂಚಿನಲ್ಲಿ ಪಟ್ಟಿ ಬೇಕಿತ್ತು, ಹಾಗಾಗಿ 164 ಮಿಲಿಮೀಟರ್ ಬಿಲ್ಲೆ ಹಾಕಿದೆವು. ಪಟ್ಟಿ ಉಳಿಯಿತು, ಅದೂ ಸೇರಿ ಒಟ್ಟು ಅಗಲ 130. ಪಟ್ಟಿ ಉಳಿಸಿಕೊಂಡರೆ ಇನ್ನೊಂದು ಅನುಕೂಲ, ಕೊನೆಯವರೆಗೂ ಅಂಚು ನಮ್ಮ ಹಿಡಿತದಲ್ಲೇ ಇರುತ್ತದೆ. ಅರ್ಧ ಗೋಳಕ್ಕೆ ಇದು ನೇರ ಗೋಡೆಯ ಬಟ್ಟಲಿಗಿಂತ ಜಾಸ್ತಿ ಮುಖ್ಯ. ಯಾಕೆಂದರೆ ಗುಂಡಿಗೂ ರಿಂಗಿಗೂ ನಡುವೆ ತಗಡು ಯಾವುದಕ್ಕೂ ತಾಗದೆ ಸುಮ್ನೆ ಗಾಳಿಯಲ್ಲಿ ನಿಂತಿರುತ್ತದೆ, ಅಲ್ಲೂ ಸುಕ್ಕು ಬೀಳಬಹುದು. ಅಂಚು ಹಿಡಿದಿದ್ದರೆ ಅದು ಎಳೆದುಕೊಂಡು ನೆಟ್ಟಗಿರುತ್ತದೆ.

ಜಾಕಿ? 10 ಟನ್ನಿನದೇ ಸಾಕಾಯಿತು. 20 ಟನ್ನಿನದನ್ನು ಮೇಷ್ಟ್ರು ವಾಪಸ್ ಕೊಟ್ಟರು. ಹಳೇ ಫ್ರಿಜ್ಜಿನ ಕಂಪ್ರೆಸರ್‌ನಿಂದ ಗಾಳಿ ಎಳೆದರು. 100 ಮಿಲಿಮೀಟರ್ ಅಗಲಕ್ಕೆ ಬೆಂಗಳೂರಿನ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡದಿಂದ ಸುಮಾರು 70 ಕಿಲೋ ಬಲ ಬೀಳುತ್ತದೆ, ಹತ್ತನೇ ಕ್ಲಾಸಿನ ಹುಡುಗರು ಹಿಡಿ ಹಿಡಿದು ಎಳೆದರೂ ಬಿಡಲಿಲ್ಲವಂತೆ.

ಅಯ್ಯೋ, ನನಗೆ ಕೊಟ್ಟ ಹೊತ್ತು ಮುಗಿಯುತ್ತಾ ಬಂತು. ಉಳಿದದ್ದು ಬೇಗ ಬೇಗ ಹೇಳಿಬಿಡುತ್ತೇನೆ. ತಾಮ್ರವನ್ನು ಮಂಕು ಕೆಂಪು ಬರುವ ತನಕ ಕಾಯಿಸಿ, ನೀರಿಗೆ ಹಾಕಿದರೂ ಮೆತ್ತಗೇ ಆಗುತ್ತದೆ. ಹಿತ್ತಾಳೆಯನ್ನು ನೀರಿಗೆ ಹಾಕಬೇಡಿ, ತಾನಾಗಿ ಆರಲಿ. ಹಿತ್ತಾಳೆಯಲ್ಲೂ 70:30, ಅಂದರೆ ತಾಮ್ರ 70 ಪಾಲು, ಸತು 30 ಪಾಲು ಇರುವ ತಗಡು ಕೇಳಿ ತನ್ನಿ, 60:40 ತಂದು ಆಮೇಲೆ ಸೀಳಿತು ಅನ್ನಬೇಡಿ. ಅಲ್ಯೂಮಿನಿಯಂ ಕೆಂಪಾಗುವುದು ಕಾಣಲ್ಲ, ಕಾಯುತ್ತಾ ಕಾಯುತ್ತಾ ಕರಗಿಬಿಡುತ್ತದೆ. ಅದಕ್ಕೆ ಬಟ್ಟೆ ಸೋಪಿನಿಂದ ಒಂದು ಗೆರೆ ಎಳೆದು ಕಾಯಿಸಿ, ಗೆರೆ ಕಂದು ಕಪ್ಪಾದ ಕೂಡಲೇ ಬೆಂಕಿ ತೆಗೆಯಿರಿ. ತಗಡಿನ ಎರಡೂ ಮೈಗೆ, ರಿಂಗು ತಾಗುವ ಜಾಗದಲ್ಲಿ, ಗ್ರೀಸು ಧಾರಾಳವಾಗಿ ಇರಲಿ. ಕಣ್ಣಿಗೆ ಗಾಗಲ್ಸ್ ಹಾಕಿಕೊಳ್ಳಿ, ಜಾಕಿ ಒತ್ತುವಾಗ ಎದುರಿಗೆ ನಿಲ್ಲದೆ ಪಕ್ಕದಲ್ಲಿರಿ, ಗುಂಡು ಜಾರಿ ಚಿಮ್ಮಿದರೆ ಯಾರ ಮಾತೂ ಕೇಳಲ್ಲ.

ಆಮೇಲೆ, ಗಾಳಿ ಎಳೆಯುವ ನಳಿಗೆ ತೂತು ಬೇಕು ಅಂತ ತಗಡು ಚಪ್ಪಟೆ ಇರುವಾಗಲೇ ಡ್ರಿಲ್ ಹಿಡಿಯಬೇಡಿ. ಒತ್ತುವಾಗ ತಗಡು ಮೊದಲು ಸೀಳುವುದು ಆ ತೂತಿನಿಂದಲೇ. ಗೋಳ ಪೂರ್ತಿ ಆದ ಮೇಲೆ, ಒಳಗೆ ಒಂದು ಮರದ ತುಂಡು ಒತ್ತಾಗಿ ಕೊಟ್ಟು ಕೊರೆಯಿರಿ. ನಮಸ್ಕಾರ.