ಬಿಟ್ವೀನ್ ಯೂ ಅಂಡ್ 'ಮಿ' ಮಾರಾಯ್ರೇ!

ನಮಸ್ಕಾರ. ಹೋದ ವೀಡಿಯೋದ ಅಡಿಯಲ್ಲಿ ಒಬ್ಬರು ಬರೆದಿದ್ದಾರೆ: "ಮಾಷ್ಟ್ರೆ, ಬಿಟ್ವೀನ್ ಯೂ ಅಂಡ್ ಮಿ ಅಲ್ಲ, ಯೂ ಅಂಡ್ ಐ." ಜೊತೆಗೆ ನಗುವ ಇಮೋಜಿ ಮೂರು. ಮೂರನ್ನೂ ವಾಪಸ್ ತಗೊಳ್ಳಿ.

ಬಿಟ್ವೀನ್ ಪ್ರಿಪೊಸಿಷನ್. ಅದರ ನಂತರ ಮಿ, ಹಿಮ್, ಹರ್, ಅಸ್, ದೆಮ್. ಐ ಬರುವುದಿಲ್ಲ. ಆಯ್ತಾ?

ಈ ರೋಗ ಶುರುವಾಗುವುದು ಸಣ್ಣದಿರುವಾಗ. "ಮಿ ಅಂಡ್ ರಾಜು ವೆಂಟ್ ಟು ಕುಂಬಳೆ" ಅಂದದ್ದಕ್ಕೆ ಬೈಸಿಕೊಂಡಿರ್ತಾರೆ. ಬೈದದ್ದು ಸರಿಯೇ, ಹೋದವರು ಕರ್ತೃ, ಅಲ್ಲಿ ಐ ಬೇಕು. ಆದರೆ ತಲೆಯಲ್ಲಿ ಕೂತದ್ದು ಬೇರೆ: ಮಿ ಅಂದ್ರೆ ಒರಟು, ಐ ಅಂದ್ರೆ ಮರ್ಯಾದೆ. ಮತ್ತೆ ಕಂಡಕಂಡಲ್ಲೆಲ್ಲ ಐ!

"ದಿ ಕಂಡಕ್ಟರ್ ಗೇವ್ ರಾಜು ಅಂಡ್ ಐ ಟು ಟಿಕೆಟ್ಸ್." ರಾಜುವನ್ನು ಬಸ್ಸಿನಿಂದ ಇಳಿಸಿ. "ಗೇವ್ ಐ" ಹೇಳ್ತೀರಾ? ಗೇವ್ ಮಿ. ಹಾಗಾದ್ರೆ ರಾಜು ಇದ್ದರೂ ಮಿ. ಬಿಟ್ವೀನಿಗೆ ಈ ಉಪಾಯ ನಡೆಯುವುದಿಲ್ಲ, ಒಬ್ಬನೇ ಇದ್ದರೆ ನಡುವೆ ಎಲ್ಲಿಂದ ಬರ್ತದೆ? ಅಲ್ಲಿ ಇಬ್ಬರನ್ನೂ ತೆಗೆದು ವಿ ಅಥವಾ ಅಸ್ ಹಾಕಿ ನೋಡಿ. "ಬಿಟ್ವೀನ್ ವಿ" ಬಾಯಿಗೇ ಬರುವುದಿಲ್ಲ. ಬಿಟ್ವೀನ್ ಅಸ್. ಅಸ್ ಕೂತಲ್ಲಿ ಮಿ ಕೂರ್ತದೆ. ಮಿ!

ಬೆಲ್ ಒತ್ತಿದ್ರಾ? ಒತ್ತಿ, ಕಾಯ್ತೇನೆ.

ನಾವು ಕಾಸರಗೋಡಿನವರು ಮಾರಾಯ್ರೇ. ಕನ್ನಡದಲ್ಲಿ "ನನಗೂ ನಿನಗೂ ನಡುವೆ". ಮಲಯಾಳದಲ್ಲಿ "ಎನಿಕ್ಕುಂ ನಿನಕ್ಕುಂ ಇಡಯಿಲ್". ತುಳುವಿನಲ್ಲಿ "ಎಂಕ್ ಕೊರ್ಲೆ"; "ಯಾನ್ ಕೊರ್ಲೆ" ಅಂದ್ರೆ ಅಂಗಡಿಯವ ಮೇಲಿಂದ ಕೆಳಗೆ ನೋಡ್ತಾನೆ. ಮೂರು ಭಾಷೆಯಲ್ಲಿ ವಿಭಕ್ತಿ ತಪ್ಪದ ನಾಲಿಗೆ ಇಂಗ್ಲಿಷಿಗೆ ಬಂದ ಕೂಡಲೇ ಟೈ ಕಟ್ಟಿ ಐ ಐ ಐ! ತಲೆನೋವಾ?

ಈಗ ಬರ್ತದೆ ನೋಡಿ: "ಶೇಕ್ಸ್‌ಪಿಯರನೇ ಬರೆದಿದ್ದಾನಲ್ಲ!" ಹೌದು, ಮರ್ಚೆಂಟ್ ಆಫ್ ವೆನಿಸ್‌ನಲ್ಲಿ ಆಂಟೋನಿಯೋನ ಕಾಗದದಲ್ಲಿ "ಬಿಟ್ವೀನ್ ಯೂ ಅಂಡ್ ಐ" ಉಂಟು. ನೀವೂ ಅಂಥ ಒಂದು ನಾಟಕ ಬರೆಯಿರಿ, ಬಿಟ್ಟುಬಿಡ್ತೇನೆ. ಎಸ್ಸೆಸ್ಸೆಲ್ಸಿ ಪೇಪರಿನಲ್ಲಿ ಬರೆದು ನೋಡುವ ಧೈರ್ಯ ಉಂಟಾ?

"ಇಟ್ ಈಸ್ ಐ ಸರಿಯಲ್ವಾ?" ವ್ಯಾಕರಣ ಪುಸ್ತಕಕ್ಕೆ ಸರಿ. ರಾತ್ರಿ ಬಾಗಿಲು ಬಡಿದು ಹಾಗೆ ಹೇಳಿ, ಯಾರೂ ತೆಗೆಯುವುದಿಲ್ಲ. ಎರಡರ ಜಗಳವೇ ಬೇಡ ಅಂತ "ಕಾಂಟ್ಯಾಕ್ಟ್ ಮೈಸೆಲ್ಫ್" ಬರೆಯುವವರು ಇದ್ದಾರೆ, ಅವರ ಹತ್ತಿರ ನಾನು ಮಾತಾಡುವುದೇ ಇಲ್ಲ.

ಮಿ. ಮಿ ಅಂದ್ರೆ ಮಿ. ಕಾರಣ ಎಂತ ಇನ್ನು, ಹೇಳಿ ಆಯ್ತಲ್ಲ! ಶುಕ್ರವಾರ ಹೂ ಮತ್ತು ಹೂಮ್. ಮಲ್ಲಿಗೆಗೆ ರೇಟು ಎಷ್ಟು ಅಂತ ಕಮೆಂಟ್ ಹಾಕಿದ್ರೆ ಬ್ಲಾಕ್.