ಬಾಬಿನ್ ಮುಗಿಯದ ಮಿಷನ್

ಕೇಳುಗರಿಗೆ ನಮಸ್ಕಾರ.

ನಾನು ಅರಸೀಕೆರೆಯಲ್ಲಿ ಟೈಲರ್. ಇಪ್ಪತ್ತೆರಡು ವರ್ಷದಿಂದ ಬ್ಲೌಸ್, ಚೂಡಿದಾರ್, ಮಕ್ಕಳ ಲಂಗ ಹೊಲಿಯುತ್ತಿದ್ದೇನೆ. ಅಂಗಡಿ ದೊಡ್ಡದೇನಲ್ಲ. ಎರಡು ಮಿಷನ್, ಒಂದು ಕಟಿಂಗ್ ಟೇಬಲ್, ಮೂಲೆಯ ಮೊಳೆಗೆ ತೂಗುಹಾಕಿದ ಒಂದು ರೇಡಿಯೋ. ಇಷ್ಟು ದಿನ ರೇಡಿಯೋ ಮಾತಾಡುತ್ತಿತ್ತು, ನಾನು ಹೊಲಿಯುತ್ತಿದ್ದೆ. ಇವತ್ತು ಅದಲು ಬದಲಾಗಿದೆ. ಎಲ್ಲೋ ಇನ್ನೊಬ್ಬ ಟೈಲರಮ್ಮ ನನ್ನ ಮಾತು ಕೇಳುತ್ತಾ ಹುಕ್ ಹಾಕುತ್ತಿರಬಹುದು. ಹಾಕಮ್ಮ, ಕೈ ನಿಲ್ಲಿಸಬೇಡ. ರೇಡಿಯೋ ಕೇಳೋದು ಕಿವಿಯನ್ನು ಮಾತ್ರ. ಕಣ್ಣು, ಕೈ ಎರಡೂ ನಮ್ಮ ಹತ್ತಿರಾನೇ ಇರುತ್ತವೆ.

ಮೊಬೈಲ್ ಚಟದ ಬಗ್ಗೆ ಮಾತಾಡಿ ಅಂದರು. ನಾನು ಡಾಕ್ಟರೂ ಅಲ್ಲ, ಟೀಚರೂ ಅಲ್ಲ. ಆ ಚಟಕ್ಕೆ ಬಿದ್ದವಳು, ಅಷ್ಟೇ. ಈ ವಿಷಯ ಬಂದರೆ ಎಲ್ಲರೂ ಮಕ್ಕಳ ಕಡೆ ಬೆರಳು ತೋರಿಸುತ್ತಾರೆ. ತೋರಿಸೋ ಕೈಯಲ್ಲೇ ಫೋನ್ ಇರುತ್ತೆ. ಅದಕ್ಕೇ ನಾನು ನಲವತ್ತೇಳು ವರ್ಷದ ನನ್ನ ಕಥೆಯನ್ನೇ ಹೇಳುತ್ತೇನೆ.

ನನ್ನ ಕೈಗೆ ಸ್ಮಾರ್ಟ್‌ಫೋನ್ ಬಂದದ್ದು 2020ರಲ್ಲಿ. ಲಾಕ್‌ಡೌನ್ ಅಂತ ಅಂಗಡಿ ಮುಚ್ಚಿತ್ತು. ಮನೆಯಲ್ಲೇ ಕೂತು ಮಾಸ್ಕ್ ಹೊಲಿಯುತ್ತಿದ್ದೆ. ಮಗಳಿಗೆ ಆನ್‌ಲೈನ್ ಕ್ಲಾಸ್ ಇತ್ತು, ಸಾಲ ಮಾಡಿ ಒಂದು ಫೋನ್ ತಂದೆವು. ಬೆಳಿಗ್ಗೆ ಅವಳ ಪಾಠಕ್ಕೆ, ಸಂಜೆ ನನ್ನ ಕೈಗೆ. ಆ ವರ್ಷ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧ ಆಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಮ್‌ನಲ್ಲಿ ರೀಲ್ಸ್ ಬಂತು. ಒಂದು ಅಂಗಡಿ ಬಾಗಿಲು ಹಾಕಿತು, ಪಕ್ಕದಲ್ಲೇ ಇನ್ನೊಂದು ತೆರೆಯಿತು. ಗಿರಾಕಿಗಳು ಮಾತ್ರ ನಾವೇ.

ನಮ್ಮ ಕಸುಬಿನಲ್ಲಿ ಫೋನ್ ಬೇಡ ಅನ್ನೋ ಹಾಗೂ ಇಲ್ಲ. ಈಗ ಯಾರೂ ಬಂದು 'ಕತ್ತು ಸ್ವಲ್ಪ ಡೀಪ್ ಇರಲಿ' ಅಂತ ಬಾಯಲ್ಲಿ ಹೇಳುವುದಿಲ್ಲ. ವಾಟ್ಸ್ಆಪ್‌ನಲ್ಲಿ ಫೋಟೋ ಕಳಿಸುತ್ತಾರೆ. ಇದೇ ಬೆನ್ನು, ಇದೇ ತೋಳು, ಇದೇ ಲಟ್ಕನ್ ಬೇಕು ಅಂತಾರೆ. ನೋಡದಿದ್ದರೆ ಹೊಟ್ಟೆಪಾಡು ನಡೆಯಲ್ಲ. ಹೆಂಡದಂಗಡಿಗೆ ಹೋಗಬೇಡಿ ಅಂತ ಕುಡುಕನಿಗೆ ಹೇಳಬಹುದು. ಆದರೆ ಅವನ ಕೆಲಸಾನೇ ಹೆಂಡದಂಗಡಿಯಲ್ಲಿದ್ದರೆ?

ಹೀಗೇ ಒಂದು ದಿನ. ಮದುಮಗಳ ರೇಷ್ಮೆ ಸೀರೆ. ಬ್ಲೌಸ್ ಪೀಸ್ ಸೀರೆಯ ಜೊತೆಯಲ್ಲೇ ನೇಯ್ದು ಬಂದಿದ್ದು, ಹಾಳಾದರೆ ಬೇರೆ ಸಿಗಲ್ಲ. ಲೈನಿಂಗ್ ಇಟ್ಟು, ಚಾಕಿನಲ್ಲಿ ಗೆರೆ ಎಳೆದು, ಕತ್ತರಿ ಕೈಗೆ ತೆಗೆದುಕೊಂಡಿದ್ದೆ. ಟಿಂಗ್ ಅಂತು. ಬೇರೆ ಯಾರದೋ ಡಿಸೈನ್ ಫೋಟೋ. ನೋಡಿದೆ. ನೋಡಿ ಇಟ್ಟಿದ್ದರೆ ಆಗುತ್ತಿತ್ತು. ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಪಕ್ಕದ ಗುಲಾಬಿ ಬಣ್ಣದ ಚೌಕವನ್ನು ಒತ್ತಿತು. ಯಾರೋ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ಆಮೇಲೊಂದು ನಾಯಿಮರಿ. ಆಮೇಲೆ ಅತ್ತೆ ಸೊಸೆ ಜಗಳದ ತಮಾಷೆ. ತಲೆ ಎತ್ತಿದಾಗ ಮುಕ್ಕಾಲು ಗಂಟೆ ಹೋಗಿತ್ತು. ಗಡಿಬಿಡಿಯಲ್ಲಿ ಕತ್ತರಿಸಿದೆ. ಎದೆಯ ಭಾಗಕ್ಕೆ ಬೆನ್ನಿನ ಕತ್ತು. ಹತ್ತು ಇಂಚು ಆಳ.

ಮದುವೆಗೆ ಒಂಬತ್ತು ದಿನ ಇತ್ತು. ಹಾಸನದಲ್ಲಿ ಅಂಗಡಿ ಅಂಗಡಿ ಸುತ್ತಿದೆ, ಆ ಬಣ್ಣ ಸಿಗಲಿಲ್ಲ. ಕೊನೆಗೆ ನೆಟ್ ಬಟ್ಟೆ ಕೂಡಿಸಿ, ಮೇಲೆ ಮಣಿ ಕೆಲಸ ಮಾಡಿ, ಹೇಗೋ ಮಾನ ಮುಚ್ಚಿದೆ. ಆ ತಾಯಿ ಜಗಳ ಆಡಲಿಲ್ಲ. ದುಡ್ಡು ಕೊಟ್ಟು ಹೋದರು. ಮತ್ತೆ ಬರಲಿಲ್ಲ. ಜಗಳ ಆಡಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತೆ.

ಆ ರಾತ್ರಿ ಫೋನಿನ ಸೆಟ್ಟಿಂಗ್ಸ್ ಒಳಗೆ ಹೊಕ್ಕು ದಿನಕ್ಕೆ ಎಷ್ಟು ಹೊತ್ತು ನೋಡುತ್ತೇನೆ ಅಂತ ತೆಗೆದೆ. ಡಿಜಿಟಲ್ ವೆಲ್‌ಬೀಯಿಂಗ್ ಅಂತ ಒಂದು ಇದೆ, ನೀವೂ ನೋಡಿ. ನನ್ನದು 5 ಗಂಟೆ 40 ನಿಮಿಷ. ಅಷ್ಟು ಹೊತ್ತಿನಲ್ಲಿ ಎರಡು ಲೈನಿಂಗ್ ಬ್ಲೌಸ್ ಹೊಲಿಯಬಹುದು. ಹಣದ ಲೆಕ್ಕದಲ್ಲಿ ನೋಡಿದಾಗಲೇ ಹೊಟ್ಟೆ ಉರಿದಿದ್ದು, ಸುಳ್ಳು ಯಾಕೆ ಹೇಳಲಿ.

ಮೊದಲು ಆಪ್ ತೆಗೆದುಹಾಕಿದೆ. ಮೂರನೇ ದಿನ ಮತ್ತೆ ಹಾಕಿಕೊಂಡೆ. ಎಲ್ಲ ಇದ್ದ ಹಾಗೇ ಇತ್ತು, ಹಾಸಿಗೆ ಹಾಸಿ ಕಾಯುತ್ತಿದ್ದ ಹಾಗೆ. 'ನಿನಗೆ ಮನಸ್ಸು ಗಟ್ಟಿ ಇಲ್ಲ' ಅಂದರು ನಮ್ಮೆಜಮಾನರು. ಟಿವಿ ನೋಡುತ್ತಾ ಅಂದರು ಅನ್ನೋದು ಬೇರೆ ಮಾತು.

ಮನಸ್ಸಿನ ಮಾತಲ್ಲ ಇದು ಅಂತ ಹೇಳಿದ್ದು ಮಗಳು. ಮೈಸೂರಿನಲ್ಲಿ ಬಿ.ಎ. ಓದುತ್ತಾಳೆ, ಮನಃಶಾಸ್ತ್ರ ಒಂದು ವಿಷಯ. ರಜಕ್ಕೆ ಬಂದಾಗ ಅವಳ ಪುಸ್ತಕದಲ್ಲಿ ಪಾರಿವಾಳದ ಚಿತ್ರ ತೋರಿಸಿದಳು. ಅಮೆರಿಕದ ಸ್ಕಿನ್ನರ್ ಅನ್ನೋರು ಪಾರಿವಾಳವನ್ನು ಪೆಟ್ಟಿಗೆಯಲ್ಲಿಟ್ಟು ಪರೀಕ್ಷೆ ಮಾಡಿದ್ದರಂತೆ. ಒಂದು ಗುಂಡಿ ಕುಕ್ಕಿದರೆ ಕಾಳು ಬೀಳುತ್ತೆ. ಪ್ರತಿ ಸಲ ಬಿದ್ದರೆ ಹಕ್ಕಿಗೆ ಆತುರ ಇಲ್ಲ, ಬೇಕಾದಾಗ ಕುಕ್ಕುತ್ತೆ. ಯಾವಾಗ ಬೀಳುತ್ತೆ ಗೊತ್ತಿಲ್ಲ ಅನ್ನೋ ಹಾಗೆ ಮಾಡಿದರೆ ಬಿಡದೆ ಕುಕ್ಕುತ್ತೆ. ಕಾಳು ನಿಲ್ಲಿಸಿದರೂ ಎಷ್ಟೋ ಹೊತ್ತು ಕುಕ್ಕುತ್ತಲೇ ಇರುತ್ತೆ. ಹತ್ತು ರೀಲ್‌ನಲ್ಲಿ ಒಂದು ಚೆನ್ನಾಗಿರುತ್ತೆ, ಅದು ಯಾವುದು ಅಂತ ಮೊದಲೇ ಗೊತ್ತಿರಲ್ಲ. ನಾನು ನನ್ನ ಹೆಬ್ಬೆರಳು ನೋಡಿಕೊಂಡೆ.

ಮೈಸೂರಿನ ವಿಷಯ ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. 1935ರಲ್ಲಿ ಅಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಮೇಷ್ಟ್ರಂತೆ. ನನಗೂ ಮಗಳು ಹೇಳೋ ತನಕ ಗೊತ್ತಿರಲಿಲ್ಲ. ಮನಸ್ಸನ್ನು ಓದಿದವರು ರೇಡಿಯೋನೂ ಮಾಡಿದರು, ಫೋನನ್ನೂ ಮಾಡಿದರು. ಏನಕ್ಕೆ ಓದಿದರು ಅನ್ನೋದರಲ್ಲಿ ವ್ಯತ್ಯಾಸ ಇರಬೇಕು.

ನನಗೆ ಪಾರಿವಾಳಕ್ಕಿಂತ ಚೆನ್ನಾಗಿ ಅರ್ಥ ಆಗಿದ್ದು ಇನ್ನೊಂದು. ಮುಂಚೆ ಇಂಟರ್‌ನೆಟ್ಟಿನಲ್ಲಿ ಪುಟದ ಕೊನೆಗೆ ಬಂದರೆ 'ಮುಂದಿನ ಪುಟ' ಅಂತ ಒತ್ತಬೇಕಿತ್ತಂತೆ. 2006ರಲ್ಲಿ ಏಜಾ ರಾಸ್ಕಿನ್ ಅನ್ನೋ ಹುಡುಗ ಅದು ಬೇಡ ಅಂತ, ಎಳೆದಷ್ಟೂ ಬರುವ ಹಾಗೆ ಮಾಡಿದ. ಒಳ್ಳೇದಕ್ಕೇ ಮಾಡಿದ್ದು, ಜನಕ್ಕೆ ಒಂದು ಕೆಲಸ ಕಮ್ಮಿ ಆಗಲಿ ಅಂತ. ಆಮೇಲೆ ಯಾಕಾದರೂ ಮಾಡಿದೆನೋ ಅಂತ ಅವನೇ ಬಹಿರಂಗವಾಗಿ ಹೇಳಿಕೊಂಡ.

ಇದು ಕೇಳಿದ ತಕ್ಷಣ ನನಗೆ ಬಾಬಿನ್ ನೆನಪಾಯಿತು, ಮಿಷನ್ನಿನ ಸೂಜಿಯ ಕೆಳಗೆ ದಾರ ಸುತ್ತಿ ಇಡೋ ಪುಟ್ಟ ಉರುಳೆ. ಹೊಲಿಯುತ್ತಾ ಹೊಲಿಯುತ್ತಾ ಬಾಬಿನ್ ದಾರ ಮುಗಿಯುತ್ತೆ. ಕಿರಿಕಿರಿನೇ. ಆದರೆ ಆಗಲೇ ಅಲ್ವಾ ನಾವು ಬೆನ್ನು ನೆಟ್ಟಗೆ ಮಾಡೋದು, ನೀರು ಕುಡಿಯೋದು, ಹೊಲಿಗೆ ಸರಿ ಇದೆಯಾ ಅಂತ ತಿರುಗಿಸಿ ನೋಡೋದು? ಪೇಪರಿಗೆ ಕೊನೆ ಪುಟ ಇದೆ. ರೇಡಿಯೋದಲ್ಲಿ 'ಇಲ್ಲಿಗೆ ಈ ಕಾರ್ಯಕ್ರಮ ಮುಗಿಯಿತು' ಅಂತಾರೆ. ಫೋನು ಮಾತ್ರ ಬಾಬಿನ್ ಮುಗಿಯದ ಮಿಷನ್. ಬಟ್ಟೆ ಮುಗಿದರೂ ಓಡುತ್ತಲೇ ಇರುತ್ತೆ, ಬೆರಳಿನ ಮೇಲೂ ಓಡುತ್ತೆ. ಹಾಗಾದರೆ ನಿಲ್ಲಿಸೋ ಜಾಗ ನಾವೇ ಮಾಡಿಕೊಳ್ಳಬೇಕು.

ಫೋನ್‌ನ ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿದರೆ ನೋಡೋ ಆಸೆ ಹೋಗುತ್ತೆ ಅಂದಳು ಮಗಳು. ಮಾಡಿಕೊಟ್ಟಳು. ನಿಜವಾಗಲೂ ಸಪ್ಪೆ ಆಯಿತು. ಆದರೆ ಮಾರನೇ ದಿನ ಗಿರಾಕಿ ಕಳಿಸಿದ ಫೋಟೋದಲ್ಲಿ ಸೀರೆ ಕೆಂಪೋ ಹಸಿರೋ ತಿಳಿಯಲಿಲ್ಲ. ದಾರದ ಬಣ್ಣ ಹೊಂದಿಸೋ ಟೈಲರಿಗೆ ಅದು ಆಗದ ಮಾತು. ನಿಮಗೆ ಆಗಬಹುದು, ಮಾಡಿ ನೋಡಿ.

ನನಗೆ ಒಗ್ಗಿದ್ದು ಗುಂಡಿ ಡಬ್ಬ. ಹಳೇ ಬಿಸ್ಕತ್ ಡಬ್ಬ ಅದು, ಬಾಗಿಲ ಪಕ್ಕದ ಶೆಲ್ಫಿನಲ್ಲಿರುತ್ತೆ. ಈಗ ಕೆಲಸದ ಹೊತ್ತಿನಲ್ಲಿ ಫೋನ್ ಅದರೊಳಗೆ. ಕರೆ ಬಂದರೆ ತಗಡೇ ನಡುಗುತ್ತೆ, ಕೇಳಿಸದೆ ಇರಲ್ಲ. ಎದ್ದು ಆರು ಹೆಜ್ಜೆ ಹೋಗಬೇಕು. ಹಿಂದೆ ಲ್ಯಾಂಡ್‌ಲೈನ್ ಇದ್ದಾಗ ಎದ್ದೇ ಹೋಗುತ್ತಿದ್ದೆವು ತಾನೆ? ಕ್ರೋಶಾ ಬಟ್ಟೆ ಹೊದಿಸಿ ಸ್ಟ್ಯಾಂಡಿನ ಮೇಲೆ ಇಟ್ಟಿರುತ್ತಿದ್ದರು. ನಾವು ಫೋನಿನ ಹತ್ತಿರ ಹೋಗುತ್ತಿದ್ದೆವು, ಅದು ನಮ್ಮ ಹಾಸಿಗೆಗೆ ಬರುತ್ತಿರಲಿಲ್ಲ. ಗಿರಾಕಿಗಳ ಡಿಸೈನನ್ನು ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ನೋಡುತ್ತೇನೆ. ನೋಡಿದ ಕೂಡಲೇ ಅಳತೆ ಪುಸ್ತಕದಲ್ಲಿ ಪೆನ್ಸಿಲಿನಿಂದ ಕತ್ತು, ತೋಳು ಬರೆದುಕೊಳ್ಳುತ್ತೇನೆ. ಮತ್ತೆ ಫೋನ್ ತೆಗೆಯೋ ನೆಪವೇ ಇಲ್ಲ. ಕರೆ, ಮೆಸೇಜ್ ಬಿಟ್ಟು ಉಳಿದ ಟಿಂಗ್ ಟಿಂಗ್ ಎಲ್ಲ ಬಂದ್. ದಿಂಬಿನ ಹತ್ತಿರ ಇಟ್ಟುಕೊಳ್ಳೋಕೆ ಅಲಾರಂ ಒಂದು ನೆಪ ಆಗಿತ್ತು. ಸಂತೆಯಲ್ಲಿ ಒಂದು ಗಡಿಯಾರ ತಂದೆ. ಕರ್ಕಶವಾಗಿ ಬಡಿಯುತ್ತೆ, ಆದರೆ ಬಡಿದು ಸುಮ್ನಾಗುತ್ತೆ.

ಇದನ್ನೇ ಊರಿಗೆ ಊರೇ ಮಾಡಿದ್ದೂ ಇದೆ. ನಮ್ಮ ಬೆಳಗಾವಿ, ವಿಜಯಪುರದ ಪಕ್ಕ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ. ಅಲ್ಲಿನ ವಡಗಾಂವ್ ಅನ್ನೋ ಹಳ್ಳಿಯಲ್ಲಿ 2022ರಿಂದ ಸಂಜೆ 7 ಗಂಟೆಗೆ ಗುಡಿಯಿಂದ ಸೈರನ್ ಊದಲು ಶುರು ಮಾಡಿದರು. ಟಿವಿ, ಮೊಬೈಲ್ ಎಲ್ಲ ಆಫ್. 8:30ಕ್ಕೆ ಇನ್ನೊಂದು ಸೈರನ್, ಆಮೇಲೆ ನಿಮ್ಮಿಷ್ಟ. ನೋಡಿ, ಅವರು ಫೋನ್ ಬಿಡಿ ಅನ್ನಲಿಲ್ಲ, ಒಂದೂವರೆ ಗಂಟೆ ಇಡಿ ಅಂದರು. ಎಲ್ಲರೂ ಒಟ್ಟಿಗೆ ಇಟ್ಟರೆ ಅಲ್ಲಿ ಏನಾಗುತ್ತಿದೆಯೋ ಅನ್ನೋ ಚಡಪಡಿಕೆ ಇರಲ್ಲ, ಯಾಕಂದರೆ ಎಲ್ಲರೂ ಇಲ್ಲೇ ಇರುತ್ತಾರೆ.

ಆದರೆ ಡಬ್ಬದಲ್ಲಿ ಇಟ್ಟರೆ ಸರಿಹೋಗದಷ್ಟು ಹೋದವರೂ ಇದ್ದಾರೆ. ನಿದ್ದೆ ಬಿಟ್ಟವರು, ಊಟ ಬಿಟ್ಟವರು, ಫೋನ್ ಕಿತ್ತುಕೊಂಡರೆ ಕೈಮಾಡುವ ಹುಡುಗರು. ಅವರಿಗೆ ಬೈದು ಪ್ರಯೋಜನ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಇದಕ್ಕಂತಲೇ ಶಟ್ ಕ್ಲಿನಿಕ್ ಶುರುವಾಗಿದೆ. ಅಲ್ಲಿಯ ತನಕ ಹೋಗಲು ಆಗದವರು ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಬಹುದು. ನಂಬರ್ 14416. ಮತ್ತೊಮ್ಮೆ ಹೇಳುತ್ತೇನೆ, ಒಂದು ನಾಲ್ಕು ನಾಲ್ಕು ಒಂದು ಆರು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅದಕ್ಕೂ ಫೋನೇ ಬೇಕಲ್ಲ ಅಂತ ನಗಬೇಡಿ, ಸದುಪಯೋಗ ಅಂದರೆ ಅದೇ.

ನಾನು ಪೂರ್ತಿ ಬಿಟ್ಟೆ ಅಂದುಕೊಂಡಿರಾ? ಇಲ್ಲ. ಮದುವೆ ಸೀಸನ್ನಿನಲ್ಲಿ, ದೀಪಾವಳಿ ಮುಂದೆ, ಉಸಿರಾಡೋಕೆ ಪುರುಸೊತ್ತಿಲ್ಲದಾಗ ಫೋನ್ ನೆನಪೇ ಆಗಲ್ಲ. ಆಷಾಢ ಬಂದರೆ ಕಷ್ಟ. ಮದುವೆ ಇಲ್ಲ, ಹೊಲಿಗೆ ಇಲ್ಲ, ಹೊರಗೆ ಜಡಿಮಳೆ. ಡಬ್ಬದ ಕಡೆ ಕಣ್ಣು ಹೋಗುತ್ತೆ. ಹೋದ ಆಷಾಢದಲ್ಲಿ ಒಂದು ವಾರ ಮತ್ತೆ ಮೂರು ಗಂಟೆಗೆ ಏರಿತ್ತು. ಆಮೇಲೆ ಚೂರು ಬಟ್ಟೆಗಳನ್ನೆಲ್ಲ ಹರಡಿಕೊಂಡು ಕೌದಿ ಹೊಲಿಯೋಕೆ ಕೂತೆ. ನಮ್ಮಜ್ಜಿ ಹೊಲಿಯುತ್ತಿದ್ದರು, ನನಗೆ ನೆಟ್ಟಗೆ ಬರಲ್ಲ. ಇನ್ನೂ ಅರ್ಧ ಆಗಿದೆ, ಮೂಲೆ ಒಂದು ಸೊಟ್ಟ.

ಇಲ್ಲಿ ಸ್ಟುಡಿಯೋ ಒಳಗೆ ಬರುವಾಗ ಫೋನ್ ಹೊರಗಿಡಿ ಅಂದರು. ಈಗ ಹೋಗಿ ತೆಗೆದುಕೊಳ್ಳಬೇಕು. ಸಂಜೆಗೆ ಒಬ್ಬರ ಬ್ಲೌಸ್ ಕೊಡಬೇಕಿದೆ, ಹುಕ್ ಹಾಕೋದು ಬಾಕಿ. ಬರಲಾ, ನಮಸ್ಕಾರ.